ಕೈಕೆಳಗಿನವರನ್ನು ಕೆಲಸದಲ್ಲಿ ಬೆಳೆಸುವುದು ಹೇಗೆ? ಮ್ಯಾನೇಜರ್‌, ಸೂಪರ್‌ವೈಸರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ನಂಜನಗೂಡು, ಮಂಡ್ಯದ ತೂಬಿನಕೆರೆ, ಮದ್ದೂರಿನ ಸೋಮನಹಳ್ಳಿ ಕಡೆಯ ಕಾರ್ಖಾನೆ, ಪ್ಯಾಕಿಂಗ್ ಘಟಕ, ಆಫೀಸುಗಳಲ್ಲಿ ಐದರಿಂದ ಮೂವತ್ತು ಜನರನ್ನು ನೋಡಿಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇವೆ. ಮೊದಲಿಂದ ಕೊನೆವರೆಗೆ ಓದಲೇಬೇಕು ಅಂತೇನಿಲ್ಲ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ಕೋಚಿಂಗ್ ಅಂದರೆ ಟ್ರೈನಿಂಗೇ ತಾನೆ?

ಅಲ್ಲ. ಸರಸ್ವತಿಪುರಂ, ಕುವೆಂಪುನಗರದಲ್ಲಿ ಕೋಚಿಂಗ್ ಅಂದರೆ ಸಿಇಟಿ, ನೀಟ್ ಪಾಠ ಅಂತಲೇ ಅರ್ಥ, ಹಾಗಾಗಿ ಗೊಂದಲ ಸಹಜ. ಟ್ರೈನಿಂಗ್‌ನಲ್ಲಿ ಗೊತ್ತಿಲ್ಲದ್ದನ್ನು ಹೇಳಿಕೊಡುತ್ತೀರಿ. ಕೋಚಿಂಗ್ ಶುರುವಾಗುವುದು ಅದಾದ ಮೇಲೆ. ಕಲಿತದ್ದು ಕೈಗೆ ಹತ್ತಿದೆಯೇ, ಹತ್ತದಿದ್ದರೆ ಎಲ್ಲಿ ತಡೆಯುತ್ತಿದೆ, ಮುಂದೇನು ಮಾಡಬೇಕು ಎಂಬುದನ್ನು ಅವರ ಬಾಯಿಂದಲೇ ಹೊರಡಿಸಿ, ಆಮೇಲೆ ಕೆಲಸದ ಜಾಗಕ್ಕೆ ಹೋಗಿ ಕಣ್ಣಾರೆ ನೋಡಬೇಕು. ಈ ಕೊನೆಯ ಭಾಗವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಬಹಳ ಕಡೆ ಟ್ರೈನಿಂಗ್ ಅರೆಬರೆ ಮಾಡಿ, ಕೋಚಿಂಗ್ ಬದಲಿಗೆ ಬೈಗುಳ ಇಟ್ಟುಕೊಂಡಿದ್ದಾರೆ.

ಒಬ್ಬರ ಕೆಲಸ ಸರಿಯಾಗುತ್ತಿಲ್ಲ. ಕೂರಿಸಿಕೊಂಡು ಮಾತಾಡಿದರೆ ಸಾಕೇ?

ಮಾತಿಗೆ ಮುಂಚೆ ಕಾರಣ ಹುಡುಕಿ. ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಿರುತ್ತದೆ: ಕೆಲಸ ಗೊತ್ತಿಲ್ಲ; ಗೊತ್ತಿದೆ, ಆದರೆ ಯಂತ್ರ, ಸಾಮಾನು ಅಥವಾ ಸಮಯ ಬಿಡುತ್ತಿಲ್ಲ; ಗೊತ್ತಿದ್ದೂ ಮನಸ್ಸಿಲ್ಲ; ಮನೆಯಲ್ಲಿ ಏನೋ ಆಗಿದೆ. ನಾಲ್ಕಕ್ಕೂ ಒಂದೇ ಮದ್ದು ಕೊಟ್ಟರೆ ಮೂರು ಕಡೆ ಕೆಲಸ ಮಾಡುವುದಿಲ್ಲ.

ಮಸಾಲೆ ಪುಡಿ ಪ್ಯಾಕಿಂಗ್ ಲೈನ್ ತೆಗೆದುಕೊಳ್ಳಿ. ಪೌಚಿನ ಸೀಲ್ ಬಿಡುತ್ತಿದೆ ಅಂತ ಆಪರೇಟರ್ ಮೇಲೆ ದೂರು. ಸೀಲ್ ಕೂರಲು ಶಾಖ, ಒತ್ತಡ, ಹಿಡಿದಿಡುವ ಸಮಯ ಮೂರೂ ಸರಿ ಇರಬೇಕು. ಟೆಫ್ಲಾನ್ ಪಟ್ಟಿ ಸವೆದಿದ್ದರೂ, ಸೀಲ್ ಆಗುವ ಜಾಗದಲ್ಲಿ ಪುಡಿ ಕೂತಿದ್ದರೂ, ಟಾರ್ಗೆಟ್ ಮುಟ್ಟಿಸಲು ಯಾರಾದರೂ ವೇಗ ಏರಿಸಿದ್ದರೂ ಸೀಲ್ ಬಿಡುತ್ತದೆ. ಇದರಲ್ಲಿ ಆಪರೇಟರ್ ಕೈಯಲ್ಲಿರುವುದು ಹೆಚ್ಚೆಂದರೆ ಪುಡಿ ಒರೆಸುವುದು. ಪಟ್ಟಿ ಬದಲಿಸದೆ ಅವರಿಗೆ ಕೋಚಿಂಗ್ ಕೊಟ್ಟರೆ ಅವರು ಕಲಿಯುವುದು ಒಂದೇ: ಮ್ಯಾನೇಜರ್‌ಗೆ ಯಂತ್ರದ ಗಂಧಗಾಳಿ ಇಲ್ಲ ಅಂತ. ಹಾಗಾಗಿ ಮೊದಲು ಅದೇ ಯಂತ್ರದಲ್ಲಿ ಬೇರೆ ಶಿಫ್ಟಿನವರ ರಿಜೆಕ್ಷನ್ ನೋಡಿ. ಎಲ್ಲರಿಗೂ ಹೆಚ್ಚಿದ್ದರೆ ಮೆಂಟೆನೆನ್ಸ್‌ನವರನ್ನು ಕರೆಯಿರಿ. ಒಬ್ಬರಿಗೆ ಮಾತ್ರ ಹೆಚ್ಚಿದ್ದರೆ ಅವರ ಪಕ್ಕ ಇಪ್ಪತ್ತು ನಿಮಿಷ ಸುಮ್ಮನೆ ನಿಂತು ಗಮನಿಸಿ.

ಹೇಳಿಕೊಟ್ಟಾಗ "ಹೂಂ ಸಾರ್, ಗೊತ್ತಾಯ್ತು ಸಾರ್" ಅನ್ನುತ್ತಾರೆ. ಮರುದಿನ ಅದೇ ತಪ್ಪು. ಯಾಕೆ?

"ಗೊತ್ತಾಯ್ತಾ?" ಅಂತ ನೀವು ಕೇಳಿದ್ದರಿಂದ. ನಾಲ್ಕು ಜನರ ಮುಂದೆ ಮೇಲಿನವರು ಹಾಗೆ ಕೇಳಿದರೆ ನಮ್ಮ ಕಡೆ ಮರ್ಯಾದೆಯ ಉತ್ತರ "ಹೂಂ" ಒಂದೇ. "ಇಲ್ಲ" ಅಂದರೆ ತಾನು ದಡ್ಡ ಅಂತ ಒಪ್ಪಿಕೊಂಡ ಹಾಗೆ, ಜೊತೆಗೆ ಕಲಿಸಿದವರಿಗೆ ಕಲಿಸಲು ಬರಲಿಲ್ಲ ಅಂತ ಹೇಳಿದ ಹಾಗೆ. ಇಷ್ಟು ತೂಕದ ಮಾತನ್ನು ಕೆಲಸಕ್ಕೆ ಸೇರಿ ಎಂಟು ದಿನವಾದ ಹುಡುಗ ಆಡುವುದಿಲ್ಲ.

ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. ಬದಲಿಗೆ "ಒಂದು ಸಲ ನೀವು ಮಾಡಿ ತೋರಿಸಿ, ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಕೋತೀನಿ" ಅನ್ನಿ. ಪರೀಕ್ಷೆ ನಿಮ್ಮ ಮೇಲೆ ಬಂದಾಗ ಅವರ ಸಂಕೋಚ ಕಡಿಮೆಯಾಗುತ್ತದೆ. ಮಾಡುವಾಗ "ಈಗ ಯಾಕೆ ಹೀಗೆ ಹಿಡ್ಕೊಂಡ್ರಿ?" ಅಂತ ಒಂದೆರಡು ಕಡೆ ಕೇಳಿ. ಕಾರಣ ಹೇಳಲು ಬಂದರೆ ಕಲಿತಿದ್ದಾರೆ. ಕೈ ಮಾತ್ರ ಓಡುತ್ತಿದ್ದರೆ ನೋಡಿ ನಕಲು ಮಾಡುತ್ತಿದ್ದಾರೆ, ಎರಡು ದಿನ ರಜೆ ಹಾಕಿ ಬಂದರೆ ಮರೆತಿರುತ್ತಾರೆ.

ಹೊಸಬರಿಗೆ ಒಂದು ಕೆಲಸ ಹೇಳಿಕೊಡುವ ಸರಿಯಾದ ಕ್ರಮ ಯಾವುದು?

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಅನುಭವವಿಲ್ಲದವರು ದಂಡಿಯಾಗಿ ಸೇರಿದಾಗ ಸೂಪರ್‌ವೈಸರ್‌ಗಳಿಗಾಗಿ ನಾಲ್ಕು ಹೆಜ್ಜೆಯ ಒಂದು ಪದ್ಧತಿ ಮಾಡಿದರು. ಆಮೇಲೆ ಅದು ಜಪಾನಿಗೂ ಹೋಯಿತು. ಅದಕ್ಕಿಂತ ಸರಳವಾದದ್ದು ಇನ್ನೂ ಬಂದಿಲ್ಲ ಅಂತಲೇ ನಮ್ಮ ಅಭಿಪ್ರಾಯ.

ಮೊದಲನೆಯದು, ಕಲಿಯುವವರನ್ನು ತಯಾರು ಮಾಡುವುದು: ಇದರ ಬಗ್ಗೆ ಈಗಾಗಲೇ ಏನು ಗೊತ್ತು ಅಂತ ಕೇಳಿ, ನಿಮ್ಮ ಎದುರಿಗಲ್ಲ, ಪಕ್ಕಕ್ಕೆ ನಿಲ್ಲಿಸಿಕೊಳ್ಳಿ. ಎದುರಿಗೆ ನಿಂತರೆ ಎಡಗೈ ಬಲಗೈ ತಿರುಗುಮುರುಗಾಗುತ್ತದೆ. ಎರಡನೆಯದು, ಮಾಡಿ ತೋರಿಸುವುದು, ಮೂರು ಸಲ: ಮೊದಲ ಸಲ ಹೆಜ್ಜೆಗಳನ್ನು ಮಾತ್ರ ಹೇಳುತ್ತಾ, ಎರಡನೇ ಸಲ ಪ್ರತಿ ಹೆಜ್ಜೆಯಲ್ಲಿ ಜೋಪಾನ ಮಾಡಬೇಕಾದ್ದನ್ನು ಸೇರಿಸಿ, ಮೂರನೇ ಸಲ ಅದಕ್ಕೆ ಕಾರಣ ಸೇರಿಸಿ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಮೂರನೆಯದು, ಅವರಿಂದ ಮಾಡಿಸುವುದು. ಮೊದಲ ಸಲ ಅವರು ಬಾಯಿಬಿಡದೆ ಮಾಡಲಿ, ತಪ್ಪಿದರೆ ತಕ್ಷಣ ಅಲ್ಲೇ ತಿದ್ದಿ. ಆಮೇಲೆ ಹೆಜ್ಜೆ, ಜೋಪಾನ, ಕಾರಣ ಅವರೇ ಹೇಳುತ್ತಾ ಮಾಡಲಿ. ನಾಲ್ಕನೆಯದು, ಬಿಟ್ಟು ನೋಡುವುದು: ಅನುಮಾನ ಬಂದರೆ ಯಾರನ್ನು ಕೇಳಬೇಕು ಅಂತ ಹೆಸರು ಹೇಳಿ, ಮೊದಲ ದಿನ ಗಂಟೆಗೊಮ್ಮೆ, ಆಮೇಲೆ ಮೂರನೇ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ ಹೋಗಿ ನೋಡಿ.

ಕಲಿಸುವ ಮುಂಚೆ ಅರ್ಧ ಹಾಳೆಯಲ್ಲಿ ಕೆಲಸವನ್ನು ಬಿಡಿಸಿ ಬರೆದಿರಬೇಕು. ಹಳ್ಳಿಯ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದನ್ನು ಹೊಸಬರಿಗೆ ಕಲಿಸಬೇಕು ಅಂದುಕೊಳ್ಳಿ. ಹೆಜ್ಜೆ: ಹಾಲು ಕಲಕುವುದು. ಜೋಪಾನ: ತಳದವರೆಗೂ ಮೇಲೆ ಕೆಳಗೆ ಕಲಕಬೇಕು. ಕಾರಣ: ನಿಂತ ಹಾಲಿನಲ್ಲಿ ಕೆನೆ ಮೇಲಕ್ಕೆ ಬರುತ್ತದೆ, ಮೇಲಿನಿಂದ ತೆಗೆದ ಸ್ಯಾಂಪಲ್‌ನಲ್ಲಿ ಫ್ಯಾಟ್ ಹೆಚ್ಚು, ತಳದಿಂದ ತೆಗೆದರೆ ಕಡಿಮೆ. ಹೆಜ್ಜೆ: ಲ್ಯಾಕ್ಟೋಮೀಟರ್ (ಹಾಲಿಗೆ ನೀರು ಬೆರೆತಿದೆಯೇ ಅಂತ ಸಾಂದ್ರತೆಯಿಂದ ತಿಳಿಸುವ ಸಾಧನ) ಬಿಡುವುದು. ಜೋಪಾನ: ಜಾರಿನ ಅಂಚಿಗೆ ತಾಗಬಾರದು, ನೊರೆ ಇರಬಾರದು, ಅಲುಗಾಟ ನಿಲ್ಲಬೇಕು. ಹೆಜ್ಜೆ: ಹಾಲಿನ ಶಾಖ ನೋಡುವುದು. ಕಾರಣ: ಬಿಸಿ ಹಾಲಿನ ಸಾಂದ್ರತೆ ಕಡಿಮೆ, ಲ್ಯಾಕ್ಟೋಮೀಟರ್ ಇನ್ನಷ್ಟು ಮುಳುಗಿ ರೀಡಿಂಗ್ ಇಳಿಯುತ್ತದೆ, ನೀರು ಬೆರೆಸದ ರೈತನ ಮೇಲೆ ಸುಳ್ಳು ಅಪವಾದ ಬರುತ್ತದೆ. ಕಾರಣ ಗೊತ್ತಿದ್ದವರು ಥರ್ಮಾಮೀಟರ್ ನೋಡುವುದನ್ನು ತಪ್ಪಿಸುವುದಿಲ್ಲ. ಬರೀ ಹೆಜ್ಜೆ ಕಲಿತವರು ರಶ್ಶಿನಲ್ಲಿ ಮೊದಲು ಕೈಬಿಡುವುದೇ ಅದನ್ನು.

ನಮ್ಮ ಹಿರಿಯ ಕೆಲಸಗಾರರಿಗೆ ಎಲ್ಲಾ ಗೊತ್ತು, ಆದರೆ ಹೇಳಿಕೊಡಲು ಬರುವುದಿಲ್ಲ. "ನೋಡ್ತಾ ನೋಡ್ತಾ ಬರುತ್ತೆ" ಅಂತಾರೆ.

ಅವರು ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳಬೇಡಿ (ಕೆಲವರು ಮುಚ್ಚಿಡುತ್ತಾರೆ, ಅದು ಬೇರೆ ಮಾತು). ಕೈಗೆ ಹತ್ತಿದ ವಿದ್ಯೆ ಬಾಯಿಗೆ ಸುಲಭವಾಗಿ ಬರುವುದಿಲ್ಲ. ಮಂಡ್ಯದ ಆಲೆಮನೆಯಲ್ಲಿ ಪಾಕದ ಹದ ನೋಡುವವರನ್ನು ಕೇಳಿದರೂ ಇದೇ ಉತ್ತರ ಸಿಗುತ್ತದೆ. ಬೇಗ ಇಳಿಸಿದರೆ ಬೆಲ್ಲ ಗಟ್ಟಿ ಕಟ್ಟುವುದಿಲ್ಲ, ತಡವಾದರೆ ಸೀದು ಕಪ್ಪಾಗುತ್ತದೆ. ನಡುವಿನ ಆ ಹೊತ್ತು ಅವರಿಗೆ ಗೊತ್ತು, ಹೇಳಲು ಗೊತ್ತಿಲ್ಲ.

ಇಲ್ಲಿ ಮ್ಯಾನೇಜರ್ ಕೆಲಸ ನಡುವೆ ಕೂತು ಬಿಡಿಸುವುದು. "ಹೇಗೆ ಮಾಡ್ತೀರ?" ಅಂದರೆ ಏನೂ ಸಿಗುವುದಿಲ್ಲ. ಒಂದೊಂದು ಇಂದ್ರಿಯ ಹಿಡಿದು ಕೇಳಿ: ಇಳಿಸೋಕೆ ಮುಂಚೆ ನೊರೆ ಹೇಗೆ ಕಾಣುತ್ತೆ? ಸದ್ದು ಬದಲಾಗುತ್ತಾ? ವಾಸನೆ? ತಣ್ಣೀರಿಗೆ ಬಿಟ್ಟ ಪಾಕ ಬೆರಳಿಗೆ ಹೇಗೆ ಸಿಗುತ್ತೆ? ಆಮೇಲೆ ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಅವರು "ಈಗ" ಅಂದಾಗಲೆಲ್ಲ ಬರೆದುಕೊಳ್ಳಿ. ಗಟ್ಟಿ ಬೆಲ್ಲಕ್ಕೆ ಅದು 118ರಿಂದ 120 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬರುತ್ತದೆ. ಈಗ ಹೊಸಬರಿಗೆ ಹಿಡಿದುಕೊಳ್ಳಲು ಒಂದು ಅಂಕಿ ಇದೆ: 115 ದಾಟಿದ ಮೇಲೆ ಕಣ್ಣು ಕೀಳಬೇಡಿ, ತಣ್ಣೀರಿನಲ್ಲಿ ಪರೀಕ್ಷೆ ಮಾಡುತ್ತಾ ಇರಿ. ಕಬ್ಬಿನ ಗುಣ ಬದಲಾದರೆ ಹದವೂ ಚೂರು ಆಚೆಈಚೆ ಆಗುವುದರಿಂದ ಅಂಕಿ ಹಿರಿಯರ ಕಣ್ಣಿಗೆ ಬದಲಿಯಲ್ಲ, ಆದರೆ ನಾಲ್ಕು ವರ್ಷದ ಕಲಿಕೆ ಒಂದೆರಡು ಹಂಗಾಮಿಗೆ ಇಳಿಯುತ್ತದೆ. ಲೇತ್ ಮೇಲೆ ಕತ್ತರಿಸುವ ಸದ್ದು ಕೇಳಿ ಟೂಲ್ ಮೊಂಡಾಗಿದೆ ಅನ್ನುವವರ ಹತ್ತಿರವೂ, ಬಟ್ಟೆ ಮುಟ್ಟಿ ದೋಷ ಹೇಳುವವರ ಹತ್ತಿರವೂ ಇದೇ ರೀತಿ ಕೂರಬೇಕು.

ಬರೆದ ಹಾಳೆಯ ಮೇಲೆ ಆ ಹಿರಿಯರ ಹೆಸರು ಹಾಕಿ. ಇದು ಸಣ್ಣ ವಿಷಯವಲ್ಲ.

ಒಬ್ಬೊಬ್ಬರ ಜೊತೆ ಮಾತಾಡಲು ಕೂತಾಗ ಏನು ಕೇಳಬೇಕು?

ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ಜಾನ್ ವಿಟ್‌ಮೋರ್ ಮತ್ತು ಜೊತೆಗಾರರು ರೂಪಿಸಿದ "ಗ್ರೋ" ಎಂಬ ಕ್ರಮ ಎಲ್ಲ ಕಡೆ ಬಳಕೆಯಲ್ಲಿದೆ: ಗುರಿ ಏನು, ಈಗ ಎಲ್ಲಿದ್ದೀರಿ, ದಾರಿಗಳು ಯಾವುವು, ಯಾವುದನ್ನು ಮಾಡುತ್ತೀರಿ. ಆ ಹೆಸರನ್ನು ಕೆಲಸಗಾರರ ಮುಂದೆ ಹೇಳುವ ಅಗತ್ಯವಿಲ್ಲ. ನಮ್ಮ ಮಾತಿನಲ್ಲಿ ಐದು ಪ್ರಶ್ನೆ ಸಾಕು:

"ಇದು ಯಾವ ಮಟ್ಟಕ್ಕೆ ಬಂದ್ರೆ ಸರಿ ಅನ್ಸುತ್ತೆ ನಿಮಗೆ?"
"ಈಗ ಎಲ್ಲಿ ಸಿಕ್ಕಾಕ್ಕೊಂಡಿದೆ? ಇಲ್ಲೀವರೆಗೂ ಏನೇನು ಮಾಡಿ ನೋಡಿದ್ರಿ?"
"ಇನ್ನೇನು ಮಾಡಬಹುದು?" ಉತ್ತರ ಬಂದ ಮೇಲೆ, "ಇನ್ನೊಂದು?"
"ಇದ್ರಲ್ಲಿ ಯಾವುದು? ಯಾವತ್ತಿಗೆ?"
"ನನ್ನ ಕಡೆಯಿಂದ ಏನಾಗಬೇಕು?"

"ಇನ್ನೊಂದು?" ಅನ್ನುವ ಪ್ರಶ್ನೆಯೇ ಹೆಚ್ಚು ಕೆಲಸ ಮಾಡುತ್ತದೆ. ಮೊದಲು ಬರುವ ಉತ್ತರ ನಿಮ್ಮನ್ನು ಮೆಚ್ಚಿಸಲು ಬಂದಿರುತ್ತದೆ. ಎರಡನೆಯದು, ಮೂರನೆಯದು ಅವರ ಸ್ವಂತದ್ದು. ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಆ ಮೌನ ತಡೆಯಲಾರದೆ ನೀವೇ ಉತ್ತರ ಕೊಟ್ಟರೆ, ಮುಂದಿನ ಸಲ ಅವರು ಯೋಚಿಸುವುದೇ ಇಲ್ಲ. ಸುಮ್ಮನಿದ್ದರೆ ಸಾರ್ ಹೇಳುತ್ತಾರೆ ಅಂತ ಗೊತ್ತಾಗಿರುತ್ತದೆ.

"ಯಾಕೆ" ಎಂಬ ಪದದ ಬಗ್ಗೆ ಹುಷಾರು. ಕೆಲಸದ ಕ್ರಮ ಕಲಿಸುವಾಗ ಅದು ಬೇಕು. ತಪ್ಪಾದ ಮೇಲೆ "ಯಾಕೆ ಹೀಗ್ಮಾಡಿದ್ರಿ?" ಅಂದರೆ ಅದು ಪ್ರಶ್ನೆಯಲ್ಲ, ಆಪಾದನೆ. "ಏನಾಯ್ತು, ಮೊದ್ಲಿಂದ ಹೇಳಿ" ಅನ್ನಿ.

ಉತ್ತರ ಗೊತ್ತಿದ್ದೂ ಹೇಳದೆ ಪ್ರಶ್ನೆ ಕೇಳುತ್ತಾ ಕೂರುವುದು ಟೈಮ್ ವೇಸ್ಟ್ ಅಲ್ಲವೇ?

ಕೆಲವು ಸಲ ಹೌದು. ವಾರದ ಹಿಂದೆ ಸೇರಿದವರನ್ನು "ನಿಮಗೇನನ್ಸುತ್ತೆ?" ಅಂತ ಕೇಳುವುದು ಈಜು ಬಾರದವರನ್ನು ನಾಲೆಗೆ ತಳ್ಳಿದ ಹಾಗೆ. ಅವರಿಗೆ ಹೇಳಿಕೊಡಬೇಕು. ಕೈ ಕುದುರಿದವರಿಗೆ ಅರ್ಧ ಹೇಳಿ ಅರ್ಧ ಕೇಳಿ. ಪಳಗಿದವರಿಗೆ ಪೂರ್ತಿ ಕೇಳಿ. ಅಪಾಯದ ವಿಷಯದಲ್ಲಿ, ಯಂತ್ರದ ಗಾರ್ಡ್ ತೆಗೆದು ಕೈ ಹಾಕುತ್ತಿದ್ದಾರೆ ಅಂದರೆ, ಪ್ರಶ್ನೆಗಿಶ್ನೆ ಏನೂ ಇಲ್ಲ. ಯಂತ್ರ ನಿಲ್ಲಿಸಿ.

ಬೈದರೆ ತಾನೆ ಕೆಲಸ ಆಗೋದು?

ಆ ಶಿಫ್ಟಿನಲ್ಲಿ ಆಗುತ್ತದೆ. ಮುಂದಿನ ಶಿಫ್ಟಿನಿಂದ ಕೆಟ್ಟ ಪೀಸುಗಳು ಬಾಕ್ಸಿನ ತಳಕ್ಕೆ ಸೇರುತ್ತವೆ, ಗ್ರಾಹಕರ ಕಡೆಯಿಂದ ದೂರು ಬಂದಾಗಲೇ ನಿಮಗೆ ತಿಳಿಯುವುದು.

ಹಾಗಾದರೆ ತಪ್ಪನ್ನು ಹೇಳುವುದು ಹೇಗೆ?

ಯಾವಾಗ ಎಲ್ಲಿ, ಏನು ನೋಡಿದೆ, ಅದರಿಂದ ಏನಾಯಿತು. ಈ ಮೂರು ಮಾತ್ರ ಹೇಳಿ, ಆಮೇಲೆ ಬಾಯಿ ಮುಚ್ಚಿಕೊಳ್ಳಿ. "ನಿಮಗೆ ಜವಾಬ್ದಾರಿ ಇಲ್ಲ" ಎನ್ನುವುದು ವ್ಯಕ್ತಿಯ ಮೇಲಿನ ತೀರ್ಪು, ಅದಕ್ಕೆ ಜಗಳವೊಂದೇ ಉತ್ತರ. "ನೆನ್ನೆ ಸೆಕೆಂಡ್ ಶಿಫ್ಟಲ್ಲಿ ಲಾಗ್ ಬುಕ್ಕಲ್ಲಿ ಆರು ಗಂಟೆ, ಎಂಟು ಗಂಟೆ ರೀಡಿಂಗ್ ಖಾಲಿ ಇತ್ತು. ನೈಟ್ ಶಿಫ್ಟ್‌ನೋರಿಗೆ ಟೆಂಪರೇಚರ್ ಯಾವಾಗ ಏರ್ತು ಅಂತ ಗೊತ್ತಾಗ್ಲಿಲ್ಲ, ಒಂದು ಬ್ಯಾಚ್ ಹೋಲ್ಡ್ ಮಾಡಿದ್ರು. ಏನಾಗಿತ್ತು?" ಎನ್ನುವುದಕ್ಕೆ ಉತ್ತರ ಇರುತ್ತದೆ.

ಹೊಗಳಿಕೆ, ತೆಗಳಿಕೆ, ಮತ್ತೆ ಹೊಗಳಿಕೆ ಅಂತ ಒಂದು ಪದ್ಧತಿ ಹೇಳಿಕೊಡುತ್ತಾರೆ. ನಮಗೆ ಅದು ಹಿಡಿಸಿಲ್ಲ. "ನೀವು ಒಳ್ಳೆ ಕೆಲಸಗಾರರೇ, ಆದ್ರೆ..." ಅಂತ ಎರಡು ಸಲ ಕೇಳಿದವರು ಮೂರನೇ ಸಲದಿಂದ "ಆದ್ರೆ"ಗೇ ಕಾಯುತ್ತಾರೆ, ನಿಜವಾದ ಮೆಚ್ಚುಗೆಯನ್ನೂ ನಂಬುವುದಿಲ್ಲ. ಮೆಚ್ಚುಗೆಯನ್ನು ಬೇರೆ ದಿನ, ಅಷ್ಟೇ ನಿಖರವಾಗಿ ಹೇಳಿ. ಬರೀ "ಗುಡ್ ಜಾಬ್" ಅಂದರೆ ಏನನ್ನು ಮತ್ತೆ ಮಾಡಬೇಕು ಅಂತ ತಿಳಿಯುವುದಿಲ್ಲ. ತಪ್ಪನ್ನು ಒಂಟಿಯಾಗಿ, 24 ಗಂಟೆಯೊಳಗೆ, ಒಂದು ಸಲಕ್ಕೆ ಒಂದೇ.

ನನಗೆ 28, ಅವರಿಗೆ 52. ನಾನು ಹೇಳಿದರೆ ಮುಖ ತಿರುಗಿಸುತ್ತಾರೆ.

ಸಂಬೋಧನೆಯಿಂದ ಶುರು ಮಾಡಿ. ಅವರನ್ನು ಎಲ್ಲರೂ "ಅಣ್ಣ" ಅಂತಲೋ "ಅಕ್ಕ" ಅಂತಲೋ ಕರೆಯುತ್ತಿದ್ದರೆ ನೀವೂ ಹಾಗೇ ಕರೆಯಿರಿ, ಜೊತೆಗೆ "ನೀವು". ಅದರಿಂದ ನಿಮ್ಮ ಸ್ಥಾನ ಕಡಿಮೆಯಾಗುವುದಿಲ್ಲ. ಕಿರಿಯರ ಎದುರಿಗೆ ತಿದ್ದಬೇಡಿ. ಅವರ ಬೆಂಚಿನ ಹತ್ತಿರ ನೀವೇ ಹೋಗಿ, ಕ್ಯಾಬಿನ್‌ಗೆ ಹೇಳಿಕಳಿಸಬೇಡಿ. ಹೇಳಿಕಳಿಸಿದರೆ ಇಡೀ ಫ್ಲೋರ್‌ಗೆ ಸುದ್ದಿ.

ಹೊಸ ಸಾಫ್ಟ್‌ವೇರ್, ಹೊಸ ಯಂತ್ರ ಬಂದಾಗ ಹಿರಿಯರು ಹಿಂಜರಿಯುವುದು ಸೋಮಾರಿತನದಿಂದಲ್ಲ. ಮೂವತ್ತು ವರ್ಷ ಬಲ್ಲವರು ಅನಿಸಿಕೊಂಡವರಿಗೆ ಎಲ್ಲರೆದುರು ತಡವರಿಸುವುದು ಕಷ್ಟ. ಅವರಿಗೆ ಒಂದು ದಿನ ಮುಂಚೆ, ಯಾರೂ ಇಲ್ಲದಾಗ ತೋರಿಸಿ. ಗುಂಪಿಗೆ ಕಲಿಸುವ ದಿನ ಅವರಿಗೆ ಆಗಲೇ ಬಂದಿರಲಿ.

ನಿನ್ನೆವರೆಗೂ ಜೊತೆಯಲ್ಲೇ ಟೀ ಕುಡಿದವರಿಗೆ ಈಗ ನಾನು ಸೂಪರ್‌ವೈಸರ್.

"ಮಗಾ" ಅಂತಿದ್ದವರು ಸೋಮವಾರದಿಂದ "ಸಾರ್" ಅನ್ನಬೇಕು ಅಂತ ನಿರೀಕ್ಷಿಸಬೇಡಿ, ಟೀಯನ್ನೂ ಬಿಡಬೇಡಿ. ಮೊದಲ ವಾರದಲ್ಲೇ ಒಬ್ಬೊಬ್ಬರ ಹತ್ತಿರ ಬಾಯಿಬಿಟ್ಟು ಹೇಳಿ: ರಜೆ, ಓಟಿ, ಮೆಷಿನ್ ಹಂಚಿಕೆಯಲ್ಲಿ ಸ್ನೇಹ ನೋಡುವುದಿಲ್ಲ. ಹೇಳಿದ ಹಾಗೆ ನಡೆದುಕೊಳ್ಳುವ ಪರೀಕ್ಷೆ ಮೊದಲ ಊರಹಬ್ಬದ ರಜೆಯಲ್ಲೇ ಬರುತ್ತದೆ. ಇಬ್ಬರು ಕೇಳಿ ಒಬ್ಬರಿಗೆ ಮಾತ್ರ ಕೊಡಬೇಕಾದಾಗ ಕಾರಣವನ್ನು ಇಬ್ಬರಿಗೂ ಒಟ್ಟಿಗೆ ಹೇಳಿ.

25 ಜನ ಇದ್ದಾರೆ. ಇದಕ್ಕೆಲ್ಲ ಟೈಮ್ ಎಲ್ಲಿ?

25 ಜನರನ್ನು ಒಬ್ಬರೇ ಬೆಳೆಸಲು ಆಗುವುದಿಲ್ಲ. ಆರೆಂಟು ಜನರವರೆಗೆ ಪರವಾಗಿಲ್ಲ. ಹೆಚ್ಚಿದ್ದರೆ ನಾಲ್ಕು ಲೈನ್ ಲೀಡರ್‌ಗಳನ್ನು ನೀವು ನೋಡಿಕೊಳ್ಳಿ, ಅವರು ಐದಾರು ಜನರನ್ನು ನೋಡಿಕೊಳ್ಳಲಿ. ಹೊಸಬರಿಗೆ ವಾರಕ್ಕೆ ಹದಿನೈದು ನಿಮಿಷ, ಪಳಗಿದವರಿಗೆ ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ. ದಿನ, ಗಂಟೆ ಗೊತ್ತು ಮಾಡಿ. "ಟೈಮ್ ಸಿಕ್ಕಾಗ" ಅಂದರೆ ಸಿಗುವುದೇ ಇಲ್ಲ.

ಶಿಫ್ಟ್ ಮುಗಿದ ಮೇಲೆ ಮಾತ್ರ ಕೂರಿಸಬೇಡಿ. ಪಾಂಡವಪುರ, ನಾಗಮಂಗಲ, ತಿ. ನರಸೀಪುರ ಕಡೆಯಿಂದ ಬರುವವರಿಗೆ ಕಂಪನಿ ಬಸ್ಸು ತಪ್ಪಿದರೆ ಮನೆ ಸೇರುವುದೇ ಪಾಡು. ಹೆಣ್ಣುಮಕ್ಕಳಿಗಂತೂ ಇದು ಅರ್ಧ ಗಂಟೆಯ ತಡವಲ್ಲ, ನಾಳೆಯಿಂದ ಕೆಲಸಕ್ಕೇ ಬೇಡ ಅಂತ ಮನೆಯವರು ಅನ್ನಲು ಕಾರಣ. ಅವರ ಜೊತೆ ಮಾತನ್ನು ಗಾಜಿನ ಬಾಗಿಲಿನ ಕೋಣೆಯಲ್ಲಿ ಅಥವಾ ಲೈನ್ ಪಕ್ಕದಲ್ಲೇ ಇಟ್ಟುಕೊಳ್ಳಿ. ಸಂಕೋಚ ಅಂತ ಅವರನ್ನು ಬಿಟ್ಟೇಬಿಡುವ ಮ್ಯಾನೇಜರ್‌ಗಳು ಬಹಳ. ಹಾಗಾಗಿಯೇ ಹತ್ತು ವರ್ಷದ ಅನುಭವ ಇದ್ದರೂ ಅವರು ಹೆಲ್ಪರ್ ಆಗೇ ಉಳಿಯುತ್ತಾರೆ.

ಒಂದು ಒಳ್ಳೆಯ ಅವಕಾಶವನ್ನು ಎಲ್ಲರೂ ಕಳೆದುಕೊಳ್ಳುತ್ತಾರೆ. ಆಯುಧಪೂಜೆಗೆ ಮುಂಚೆ ಯಂತ್ರ ನಿಲ್ಲಿಸಿ ತೊಳೆಯುವ ದಿನ. ಗಾರ್ಡ್, ಕವರ್ ಎಲ್ಲ ಬಿಚ್ಚಿರುತ್ತದೆ, ಟಾರ್ಗೆಟ್ ಇರುವುದಿಲ್ಲ. ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿಸಿ, ಹೊಸಬರಿಗೆ ಒಳಗಿನ ಬೆಲ್ಟು, ಬೇರಿಂಗು, ಸೆನ್ಸರ್ ತೋರಿಸಲು ಇಡೀ ವರ್ಷದಲ್ಲಿ ಇಂಥ ದಿನ ಇನ್ನೊಂದಿಲ್ಲ.

ಐಟಿ ಕಂಪನಿ, ಅರ್ಧ ಟೀಮ್ ಮನೆಯಿಂದ ಕೆಲಸ ಮಾಡುತ್ತದೆ. ಅಲ್ಲಿಗೂ ಇದೇನಾ?

ಪ್ರಶ್ನೆಗಳು ಅವೇ. ಪಕ್ಕದಲ್ಲಿ ನಿಂತು ನೋಡುವುದಕ್ಕೆ ಬದಲಾಗಿ ಸ್ಕ್ರೀನ್ ಶೇರ್ ಮಾಡಿಸಿ, ಕೀಬೋರ್ಡ್ ಅವರ ಕೈಯಲ್ಲೇ ಇರಲಿ. ಕೋಡ್ ರಿವ್ಯೂನಲ್ಲಿ ಇಪ್ಪತ್ತು ಕಮೆಂಟ್ ಸುರಿದರೆ ಅವನ್ನು ಸರಿಪಡಿಸುತ್ತಾರೆ, ಕಲಿಯುವುದಿಲ್ಲ. ಮತ್ತೆಮತ್ತೆ ಬರುವ ಒಂದು ತಪ್ಪನ್ನು ಆರಿಸಿ ಹತ್ತು ನಿಮಿಷ ಮಾತಾಡಿ. ತಪ್ಪು ಹೇಳುವುದನ್ನು ಚಾಟ್‌ನಲ್ಲಿ ಬೇಡ. ಬರಹದಲ್ಲಿ ದನಿ ಕೇಳುವುದಿಲ್ಲ, ಓದುವವರು ತಾವೇ ಕೋಪ ಸೇರಿಸಿಕೊಳ್ಳುತ್ತಾರೆ.

ಬರೆದಿಡಬೇಕೇ? ಫಲ ಬರುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ಒಬ್ಬರಿಗೆ ಒಂದು ಪುಟ, ಪ್ರತಿ ಸಲ ಮೂರು ಸಾಲು: ಏನು ಒಪ್ಪಿಕೊಂಡರು, ಯಾವತ್ತಿಗೆ, ನಾನೇನು ಮಾಡಿಕೊಡಬೇಕು. ಮೂರನೇ ಸಾಲನ್ನು ನೀವು ಎರಡು ಸಲ ತಪ್ಪಿಸಿದರೆ ಮೊದಲ ಸಾಲನ್ನು ಅವರು ಲೆಕ್ಕಕ್ಕೆ ಇಡುವುದಿಲ್ಲ.

ಅಳೆಯಲು ಒಂದೇ ಅಂಕಿ ಸಾಕು: ಶಿಫ್ಟಿಗೆ ರಿಜೆಕ್ಷನ್, ರೀವರ್ಕ್, ಬಾಕಿ ಉಳಿದ ಬಿಲ್, ಯಾವುದಾದರೂ. ಶುರು ಮಾಡುವ ಮುಂಚಿನ ಎರಡು ವಾರದ ಲೆಕ್ಕ ಇರಲಿ, ಆಮೇಲೆ ಆರು ವಾರ ನೋಡಿ, ಅದೇ ಯಂತ್ರ, ಅದೇ ಮಾಲು. ಮೊದಲ ಒಂದೆರಡು ವಾರ ಅಂಕಿ ಇನ್ನೂ ಕೆಡಬಹುದು. ಹಳೇ ಅಭ್ಯಾಸ ಬಿಟ್ಟ ಕೈ ಹೊಸದಕ್ಕೆ ಹೊಂದಿಕೊಂಡಿರುವುದಿಲ್ಲ. ಅಲ್ಲೇ ಗಾಬರಿಯಾಗಿ "ಹಳೇ ತರಾನೇ ಮಾಡಿ" ಅಂದುಬಿಟ್ಟರೆ ಅಷ್ಟೂ ಶ್ರಮ ನೀರುಪಾಲು.

ಎಷ್ಟು ಮಾಡಿದರೂ ಬದಲಾಗದವರಿಗೆ?

ಮೂರು ಸಲ ಮಾತಾಡಿ, ಹೇಳಿದ ದಿನ ಹೋಗಿ ನೋಡಿ, ನಿಮ್ಮ ಕಡೆಯ ಅಡ್ಡಿ ತೆಗೆದ ಮೇಲೂ ಹಾಗೇ ಇದ್ದರೆ ಆ ಕೆಲಸ ಅವರಿಗೆ ಹೊಂದುತ್ತದೆಯೇ ಅಂತ ಯೋಚಿಸಿ. ಕೂತು ಎಣಿಸುವ ಕೆಲಸದಲ್ಲಿ ತಪ್ಪುವವರು ಸ್ಟೋರ್ಸ್‌ನಲ್ಲಿ ಓಡಾಡುತ್ತಾ ಚುರುಕಾಗಿರುವುದುಂಟು. ಅದೂ ಆಗದಿದ್ದರೆ ಎಚ್‌ಆರ್‌ಗೆ ಒಪ್ಪಿಸಿ. ಅಲ್ಲಿಂದ ಮುಂದೆ ನಡೆಯುವುದನ್ನು ಕೋಚಿಂಗ್ ಅಂತ ಕರೆಯಬೇಡಿ. ಮೆಮೊ ಕೊಡುವ ಮುನ್ನುಡಿಯಾಗಿ "ಕೋಚಿಂಗ್ ಸೆಷನ್" ಇಟ್ಟ ಕಡೆ ಉಳಿದವರೂ ಬಾಯಿ ಬಿಡುವುದಿಲ್ಲ.

ಕಳ್ಳತನ, ಕುಡಿದು ಬರುವುದು, ಹೊಡೆದಾಟ ಮೊದಲಿನಿಂದಲೂ ಶಿಸ್ತಿನ ವಿಷಯ. ಲೈಂಗಿಕ ಕಿರುಕುಳದ ದೂರನ್ನು ನೀವೇ ಕರೆದು ಬುದ್ಧಿ ಹೇಳಿ ಮುಗಿಸಲು ಹೋಗಲೇಬಾರದು. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಬೇಕು, ದೂರು ಅಲ್ಲಿಗೆ ಹೋಗಬೇಕು.

ಬೆಳೆಸಿದವರು ಐನೂರು ರೂಪಾಯಿ ಹೆಚ್ಚಿಗೆ ಸಿಕ್ಕಿತು ಅಂತ ಪಕ್ಕದ ಕಂಪನಿಗೆ ಹೋದರೆ?

ಕೆಲವರು ಹೋಗುತ್ತಾರೆ. ಅದಕ್ಕೇ ಪ್ರತಿ ಮುಖ್ಯ ಕೆಲಸಕ್ಕೂ ಇಬ್ಬರು ತಯಾರಿರಬೇಕು. ಗೋಡೆ ಮೇಲೆ ಒಂದು ಪಟ್ಟಿ ಹಾಕಿ, ಎಡಕ್ಕೆ ಹೆಸರುಗಳು, ಮೇಲೆ ಕೆಲಸಗಳು. ಕಲಿಯುತ್ತಿದ್ದರೆ ಕಾಲು ವೃತ್ತ, ಪಕ್ಕದಲ್ಲಿ ಯಾರಾದರೂ ಇದ್ದರೆ ಮಾಡುವವರಿಗೆ ಅರ್ಧ, ಒಬ್ಬರೇ ಮಾಡಬಲ್ಲವರಿಗೆ ಮುಕ್ಕಾಲು, ಇನ್ನೊಬ್ಬರಿಗೆ ಕಲಿಸಬಲ್ಲವರಿಗೆ ಪೂರ್ತಿ. ಯಾವ ಕೆಲಸದ ಕೆಳಗೆ ಪೂರ್ತಿ ವೃತ್ತ ಒಂದೇ ಇದೆಯೋ ಮುಂದಿನ ತಿಂಗಳು ಅಲ್ಲಿಂದ ಶುರು ಮಾಡಿ. ರಾಜೀನಾಮೆ ಕೊಟ್ಟವರ ನೋಟಿಸ್ ಅವಧಿಯ ಮೊದಲ ವಾರದಲ್ಲೇ ಅವರ ಕೆಲಸವನ್ನು ಹೆಜ್ಜೆ, ಜೋಪಾನ, ಕಾರಣ ಅಂತ ಬರೆಸಿಕೊಳ್ಳಿ. ಕೊನೆಯ ವಾರಕ್ಕೆ ಇಟ್ಟುಕೊಂಡರೆ ಅವರ ಮನಸ್ಸು ಆಗಲೇ ಹೊಸ ಕಂಪನಿಯ ಗೇಟಿನಲ್ಲಿರುತ್ತದೆ.